ತುಟಿಯಂಚಿನ ತೇಪೆ

ನಲವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದ ಅಮ್ಮನ ಕೈ ಒಂದು ಸೋಮವಾರ ಬೆಳಗ್ಗೆ ಸೊಸೆಯ ಯೂನಿಫಾರಂ ಅಂಗಿಯನ್ನು ಸುಟ್ಟುಬಿಟ್ಟಿತು.

ವಾಸನೆ ಮೊದಲು ಬಡಿದದ್ದು ಅಡುಗೆಮನೆಯಲ್ಲಿದ್ದ ಸೊಸೆಯ ಮೂಗಿಗೆ. ಅವಳು ಬಸ್ ಕಂಡಕ್ಟರ್. ಆರೂವರೆಗೆ ಡಿಪೋದಲ್ಲಿರಬೇಕು, ಗಡಿಬಿಡಿಯಲ್ಲಿ ಬುತ್ತಿ ಕಟ್ಟುತ್ತಿದ್ದಳು.

"ಅತ್ತೆ, ಏನೋ ಸುಡ್ತಿದೆ!"

"ಒಲೆ ನೋಡೇ, ಹಾಲು ಉಕ್ಕಿರಬೇಕು," ಎಂದಳು ಅಮ್ಮ, ಕಾದ ಪೆಟ್ಟಿಗೆಯನ್ನು ಅಂಗಿಯ ಬೆನ್ನಿನ ಮೇಲೆ ಹಾಗೇ ಇಟ್ಟುಕೊಂಡು.

"ಒಲೆ ಆರಿಸಿ ಎಷ್ಟೋ ಹೊತ್ತಾಯ್ತು. ಅಯ್ಯೋ, ಕೈ ತೆಗೀರಿ! ನನ್ನ ಅಂಗಿ!"

ಅಮ್ಮ ಬೆಚ್ಚಿ ಪೆಟ್ಟಿಗೆ ಎತ್ತಿದಳು. ಅಂಗಿಯ ನಟ್ಟನಡುವೆ ಪೆಟ್ಟಿಗೆಯ ಮೂತಿಯಷ್ಟೇ ಅಗಲಕ್ಕೆ ಕಂದು ಗುರುತು ಮೂಡಿತ್ತು. ಗದ್ದಲಕ್ಕೆ ಮಗ ಎದ್ದು ಬಂದ, ಮೊಮ್ಮಗಳು ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಬಂದಳು. ಈ ಮನೆಯಲ್ಲಿ ಸುಟ್ಟ ಬಟ್ಟೆ ಸಣ್ಣ ಮಾತಲ್ಲ. ಗಂಡ ಸತ್ತ ಮೇಲೆ ಅಮ್ಮ ಬೀದಿ ಕಡೆಯ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟು, ನಾಲ್ಕು ಬೀದಿಯ ಬಟ್ಟೆ ಉಜ್ಜಿ, ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಒಂದು ಕರವಸ್ತ್ರವನ್ನೂ ತಾನು ಸುಟ್ಟಿಲ್ಲ ಎಂದು ವಾರಕ್ಕೆ ಎರಡು ಸಲವಾದರೂ ಹೇಳುವವಳು. ಕೇಳಿ ಕೇಳಿ ಮನೆಯವರ ಕಿವಿ ತೂತು ಬಿದ್ದಿತ್ತು.

"ಬಟ್ಟೆಯಲ್ಲೇ ದೋಷ," ಎಂದಳು ಅಮ್ಮ. "ಈಗಿನ ಬಟ್ಟೆ, ಪೆಟ್ಟಿಗೆ ಕಂಡರೇ ಕರಗುತ್ತೆ."

"ಇದೇ ಬಟ್ಟೆ ಆರು ವರ್ಷದಿಂದ ಉಜ್ತಿದ್ದೀರಲ್ಲ ಅತ್ತೆ."

"ಹಾಗಾದರೆ ಇವತ್ತು ನಿನ್ನ ಬಾಯಿ ಬಿದ್ದು ಸುಟ್ಟಿತು, ಸಾಕಾ?"

ಸೊಸೆ ಅದನ್ನೇ ತೊಟ್ಟು, ಬೆನ್ನಿಗೆ ಅಡ್ಡಲಾಗಿ ಟಿಕೆಟ್ ಚೀಲದ ಪಟ್ಟಿ ಎಳೆದುಕೊಂಡು, ಗೊಣಗುತ್ತ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಒಬ್ಬ ಮುದುಕ, "ಏನಮ್ಮಾ, ಗಂಡನ ಜೊತೆ ಜಗಳವಾ?" ಎಂದು ಕೇಳಿದನಂತೆ. ಸಂಜೆ ಬಂದು ಅದನ್ನು ಹೇಳಿ ಅವಳೇ ನಕ್ಕಳು. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ನಗುವಾಗ ಅವಳ ಬಾಯಿ ಒಂದು ಕಡೆಗಷ್ಟೇ ಮೇಲೆದ್ದಿತು. ಆ ದಿನ ಅದನ್ನು ಯಾರೂ ಗಮನಿಸಲಿಲ್ಲ.

ಮಗ ಮರದಚ್ಚಿನ ಚಿತ್ರಗಾರ, ಹಲಗೆಯಲ್ಲಿ ಚಿತ್ರ ಕೆತ್ತಿ ಮಸಿ ಹಚ್ಚಿ ಕಾಗದಕ್ಕೆ ಒತ್ತುವವನು. ಇಪ್ಪತ್ತು ವರ್ಷ ಸೋಪಿನ ಡಬ್ಬಿಗೆ, ಬಿಸ್ಕತ್ತಿನ ಪೊಟ್ಟಣಕ್ಕೆ, ಕೆಮ್ಮಿನ ಔಷಧದ ಶೀಶೆಗೆ ಚಿತ್ರ ಮಾಡಿಕೊಟ್ಟು ಸಂಸಾರ ನಡೆಸಿದವನು. ಯಾವ ಡಬ್ಬಿಯ ಮೇಲೂ ಅವನ ಹೆಸರಿರಲಿಲ್ಲ. ಈಗ ಮೊದಲ ಸಲ ಪುರಭವನದ ಪ್ರದರ್ಶನದಲ್ಲಿ ಅವನ ಹೆಸರಿನಲ್ಲಿ ಒಂದು ಇಡೀ ಗೋಡೆ ಸಿಕ್ಕಿತ್ತು. ಎರಡು ತಿಂಗಳ ಗಡುವು. ಆ ಗೋಡೆಯ ನಡುವೆ ಅಮ್ಮನ ಮುಖ ಇರಬೇಕು, ಅದೂ ಇಸ್ತ್ರಿ ಮೇಜಿನ ಹಿಂದೆ ನಿಂತು ಗಿರಾಕಿಗಳನ್ನು ರೇಗಿಸುತ್ತ ನಗುತ್ತಿದ್ದ ಅಮ್ಮನ ಮುಖ, ಎಂದು ಅವನು ಹಟ ಹಿಡಿದಿದ್ದ. ಅಮ್ಮನೆಂದರೆ ಅವನಿಗೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ.

ಹಳೆಯ ಇಸ್ತ್ರಿ ಅಂಗಡಿಯೇ ಈಗ ಅವನ ಕೆಲಸದ ಕೋಣೆ. ಅಮ್ಮನ ಇಸ್ತ್ರಿ ಮೇಜೇ ಅವನ ಅಚ್ಚಿನ ಮೇಜು. ದಿನಾ ಸಂಜೆ ಚಹಾ ಆದ ಮೇಲೆ ಒಂದು ಗಂಟೆ ಅಮ್ಮ ಅಲ್ಲಿ ಕೂರಬೇಕು. ಮರದಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ. ಅದಕ್ಕೇ ಅವನು ಅಮ್ಮನನ್ನು ನೇರವಾಗಿ ನೋಡಿ ಬರೆಯುತ್ತಿರಲಿಲ್ಲ. ಬೀರುವಿನ ಕನ್ನಡಿಯ ಮುಂದೆ ಅವಳನ್ನು ಕೂರಿಸಿ, ತಾನು ಅವಳ ಹಿಂದೆ ಕೂತು, ಕನ್ನಡಿಯಲ್ಲಿ ಕಂಡದ್ದನ್ನು ಹಲಗೆಗೆ ಇಳಿಸುತ್ತಿದ್ದ. ಹಾಗೆ ಮಾಡಿದರೆ ಅಚ್ಚಿನಲ್ಲಿ ಮುಖ ಸರಿಯಾಗಿ ಬರುತ್ತದೆ. ಅಂತೂ ಮಗ ದಿನಕ್ಕೊಂದು ಗಂಟೆ ಅಮ್ಮನ ಮುಖ ನೋಡಿದ, ಆದರೆ ಎದುರು ಕೂತು ನೋಡಿದ್ದು ಒಂದು ದಿನವೂ ಇಲ್ಲ.

ಕನ್ನಡಿ ಹಳೆಯದು. ಅದರ ಗಾಜು ಅಲ್ಲಲ್ಲಿ ಅಲೆಯೆದ್ದಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಅದರ ಮುಂದೆ ನಿಂತಾಗಲೆಲ್ಲ, "ಇದರಲ್ಲಿ ನಾನು ಕುಂಬಳಕಾಯಿ ಹಾಗೆ ಕಾಣ್ತೀನಿ, ಬೇರೆ ತನ್ನಿ," ಎಂದು ಕೂಗಾಡುತ್ತಿದ್ದಳು. ಅವಳನ್ನು ಮನೆಯಲ್ಲಿ ಚೂಟಿ ಎಂದು ಕರೆಯುತ್ತಿದ್ದರು. ಬಾಯಿಯೂ ಚುರುಕು, ಕಣ್ಣೂ ಚುರುಕು.

ದೊಡ್ಡ ಹಲಗೆಗೆ ಕೈ ಹಾಕುವ ಮುಂಚೆ ಮಗ ವಾರಕ್ಕೊಂದರಂತೆ ಅಂಗೈ ಅಗಲದ ಹಲಗೆಗಳಲ್ಲಿ ಅಮ್ಮನ ಮುಖವನ್ನು ಕೆತ್ತಿ ಕೈ ಪಳಗಿಸಿಕೊಂಡ. ಪ್ರತಿಯೊಂದರ ಅಚ್ಚನ್ನು ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟ. ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಬರೆದ. ಸೋಪಿನ ಕಂಪನಿಯವರು ತಾರೀಖಿಲ್ಲದ ಕಾಗದ ಮುಟ್ಟುತ್ತಿರಲಿಲ್ಲ, ಆ ಅಭ್ಯಾಸ ಕೈಗಂಟಿತ್ತು.

ಮೊದಲ ಅಚ್ಚಿನಲ್ಲಿ ಅಮ್ಮ ಎರಡೂ ಕೆನ್ನೆ ಉಬ್ಬಿಸಿ ನಗುತ್ತಿದ್ದಳು. ಅಂಗಿ ಸುಟ್ಟ ವಾರದ ಅಚ್ಚಿನಲ್ಲಿ ಎಡ ತುಟಿಯಂಚು ಒಂದು ಕೂದಲಿನಷ್ಟು ಕೆಳಗಿತ್ತು. ಅದರ ಮುಂದಿನ ವಾರ ಎರಡು ಕೂದಲಿನಷ್ಟು.

"ಅಮ್ಮಾ, ನೆಟ್ಟಗೆ ಕೂತ್ಕೋ."

"ನೆಟ್ಟಗೇ ಕೂತಿದ್ದೀನಲ್ಲೋ."

"ಒಂದು ಕಡೆ ವಾಲಿದ್ದೀಯ."

"ವಯಸ್ಸಾದ ಮೇಲೆ ಎಲ್ಲಾದರೂ ಒಂದು ಕಡೆ ವಾಲಬೇಕಲ್ಲ. ನಿನ್ನ ಕಡೆಗೇ ವಾಲಿದ್ದೀನಿ, ಬಿಡು."

ಅವನು ನಕ್ಕು ಉಳಿ ಎತ್ತಿಕೊಂಡ. ಅಮ್ಮ ಮಡಿಲಲ್ಲಿ ಎಡಗೈ ಕೆಳಗಿಟ್ಟು ಅದರ ಮೇಲೆ ಬಲಗೈ ಮುಚ್ಚಿ ಕೂತಿದ್ದಳು. ಈಚೆಗೆ ಅವಳು ಕೂರುತ್ತಿದ್ದದ್ದೇ ಹಾಗೆ.

ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತರು. ಸೊಸೆಗೆ ರಜೆ. ಅನ್ನ, ಬೇಯಿಸಿದ ತರಕಾರಿ, ತಲೆಗೊಂದು ಮೊಟ್ಟೆ. ಅಮ್ಮ ತಿನ್ನುತ್ತ ತಿನ್ನುತ್ತ ಸುತ್ತ ನೋಡಿದಳು.

"ಎಲ್ಲರಿಗೂ ಮೊಟ್ಟೆ, ನನಗೊಬ್ಬಳಿಗೆ ಇಲ್ವಾ?"

"ತಟ್ಟೆಯಲ್ಲೇ ಇದೆ ಅತ್ತೆ."

"ಎಲ್ಲಿದೆ? ನನಗೇನು ಕಣ್ಣಿಲ್ವಾ?"

ಮೊಟ್ಟೆ ತಟ್ಟೆಯ ಎಡಭಾಗದಲ್ಲಿ ಬೆಳ್ಳಗೆ ಕೂತಿತ್ತು. ಅದರ ಪಕ್ಕದ ಅನ್ನವೂ ಮುಟ್ಟದೆ ಹಾಗೇ ಇತ್ತು. ತಟ್ಟೆಯ ಬಲ ಅರ್ಧ ಮಾತ್ರ ತೊಳೆದಿಟ್ಟಂತೆ ಖಾಲಿ. ಚೂಟಿ ತಮಾಷೆಗೆ ಕೈ ಚಾಚಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಅಯ್ಯೋ," ಎಂದಳು ಅಮ್ಮ. "ಈಗ ಯಾರೇ ಇಟ್ಟಿದ್ದು?"

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಚೂಟಿಯೂ ನಕ್ಕಳು. ತನ್ನನ್ನು ಇವರೆಲ್ಲ ಸೇರಿ ಆಟ ಆಡಿಸುತ್ತಿದ್ದಾರೆಂದು ಅಮ್ಮ ಮುಖ ಊದಿಸಿಕೊಂಡಳು. ಸೊಸೆ ಮಾತ್ರ ನಗಲಿಲ್ಲ. ಗುರುವಾರವೂ ಅತ್ತೆಯ ತಟ್ಟೆಯಲ್ಲಿ ಅರ್ಧ ಅನ್ನ ಉಳಿದಿತ್ತು. ರುಚಿಸಲಿಲ್ಲವೇನೋ ಎಂದು ಅವಳು ಸುಮ್ಮನಾಗಿದ್ದಳು. ಪಾತ್ರೆ ತೊಳೆಯುವಾಗ ಗಂಡನನ್ನು ಪಕ್ಕಕ್ಕೆ ಕರೆದಳು.

"ರೀ, ಅತ್ತೆಯನ್ನ ಒಂದು ಸಲ ಡಾಕ್ಟರಿಗೆ ತೋರಿಸೋಣ."

"ಮೊಟ್ಟೆ ಕಾಣಲಿಲ್ಲ ಅಂತಾನಾ? ಕನ್ನಡಕ ಹಳೇದಾಗಿದೆ."

"ಅವರು ಮೂರು ಬೀದಿ ಆಚೆಯ ಬಸ್ ನಂಬರ್ ಓದ್ತಾರೆ."

"ಪ್ರದರ್ಶನ ಮುಗೀಲಿ ಮಾರಾಯ್ತಿ. ತಲೆ ತಿನ್ನಬೇಡ. ಆಮೇಲೆ ಕಣ್ಣು, ಕಿವಿ, ಮಂಡಿ, ಎಲ್ಲ ಒಟ್ಟಿಗೇ ತೋರಿಸೋಣ."

ಅಂಗಿ ಸುಟ್ಟು ಐದನೆಯ ವಾರ ದೊಡ್ಡ ಹಲಗೆಯ ಮೊದಲ ಅಚ್ಚು ಹೊರಬಿತ್ತು. ಮಗ ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಒಂದು ಗಂಟೆ ಉಜ್ಜಿ, ಮೆಲ್ಲಗೆ ಎತ್ತಿ ನೋಡಿದ. ಕೂದಲಿನ ಎಳೆ ಎಳೆಯೂ ಬಂದಿತ್ತು. ಹಣೆಯ ಗೆರೆ, ಕಿವಿಯ ತೂತು, ಕತ್ತಿನ ಸಡಿಲ ಚರ್ಮ, ಎಲ್ಲ ಅಮ್ಮನದೇ. ಬಾಯಿ ಮಾತ್ರ ಅಮ್ಮನದಾಗಿರಲಿಲ್ಲ. ಎಡ ಅಂಚು ಜಾರಿ ಕೆಳಗಿಳಿದು, ನಗು ಅರ್ಧಕ್ಕೇ ನಿಂತಿತ್ತು. ನೋಡಿದವರು ಈ ಹೆಂಗಸು ಯಾರ ಮೇಲೋ ಮೂಗು ಮುರಿಯುತ್ತಿದ್ದಾಳೆ ಎನ್ನಬೇಕು.

"ದರಿದ್ರ ಕನ್ನಡಿ," ಎಂದು ಅವನು ಹಲ್ಲು ಕಡಿದ. ಬೀರುವಿನ ಮುಂದೆ ನಿಂತು ತನ್ನ ಬಾಯಿ ನೋಡಿಕೊಂಡ. ಅದೂ ಕೊಂಚ ಸೊಟ್ಟಗೇ ಕಂಡಿತು. ಆ ಗಾಜಿನಲ್ಲಿ ಯಾರ ಬಾಯಿಯಾದರೂ ಸೊಟ್ಟಗೇ ಕಾಣುತ್ತಿತ್ತು. ಅವನಿಗೆ ಸಮಾಧಾನವಾಯಿತು.

ಮರದಿಂದ ಕೆತ್ತಿ ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಆದರೆ ಅಚ್ಚಿನವರಿಗೆ ಒಂದು ಉಪಾಯ ಗೊತ್ತು. ಕೆಟ್ಟ ಜಾಗವನ್ನು ಚೌಕವಾಗಿ ತೋಡಿ, ಅದೇ ಮರದ ತುಂಡೊಂದನ್ನು ಬಿಗಿಯಾಗಿ ಕೂರಿಸಿ, ತೇಪೆಯ ಮೇಲೆ ಹೊಸದಾಗಿ ಕೆತ್ತುವುದು. ಮಗ ಎರಡು ದಿನ ಊಟ ನಿದ್ದೆ ಮರೆತು ಅಮ್ಮನ ತುಟಿಯಂಚಿಗೆ ಉಗುರಗಲದ ತೇಪೆ ಹಾಕಿದ. ಕನ್ನಡಿ ನೋಡಲೇ ಇಲ್ಲ. ತಂತಿಯ ಮೇಲಿದ್ದ ಮೊದಲ ವಾರದ ಅಚ್ಚನ್ನು ಮುಂದಿಟ್ಟುಕೊಂಡು ಅದರಂತೆಯೇ ಬಾಯಿ ಕೆತ್ತಿದ. ಹೊಸ ಅಚ್ಚಿನಲ್ಲಿ ಅಮ್ಮ ಎರಡೂ ಕೆನ್ನೆ ಉಬ್ಬಿಸಿ ನಕ್ಕಳು. ಖುಷಿಯಿಂದ ಅವನ ಕಣ್ಣಲ್ಲಿ ನೀರು ಬಂತು.

ಅವತ್ತು ಸಂಜೆ ಅಮ್ಮ ಒಬ್ಬಳೇ ಆ ಅಚ್ಚಿನ ಮುಂದೆ ನಿಂತಿದ್ದಳು. ಬಲಗೈ ಬೆರಳಿನಿಂದ ತನ್ನ ತುಟಿಯಂಚು ಮುಟ್ಟಿಕೊಂಡಳು. ಆಮೇಲೆ ಕಾಗದದ ಮೇಲಿನ ತುಟಿಯಂಚನ್ನು ನೋಡಿದಳು. ಮತ್ತೆ ತನ್ನದನ್ನು ಮುಟ್ಟಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಗ, ಅಮ್ಮನಿಗೆ ಚಿತ್ರ ಮನಸ್ಸಿಗೆ ಬಂದಿದೆ ಎಂದುಕೊಂಡ.

"ಹೇಗಿದೆಯಮ್ಮಾ?"

"ನೀನು ನೋಡಿದ ಹಾಗೇ ಬರೆದಿದ್ದೀಯಲ್ವೇನೋ?"

"ಮತ್ತಿನ್ನೇನು?"

"ಹಾಗಾದರೆ ಸರಿ," ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. ರಾತ್ರಿ ಊಟದಲ್ಲಿ ಎಂದಿಗಿಂತ ಹೆಚ್ಚು ಮಾತಾಡಿದಳು. ಕೆಲವು ಮಾತು ಬಾಯಲ್ಲೇ ಕಲಸಿಹೋದವು.

ಮಾರನೆಯ ದಿನ ಜಗಳವಾಯಿತು. ಸೊಸೆ ಪಾಳಿ ಮುಗಿಸಿ ಮಧ್ಯಾಹ್ನ ಬಂದಾಗ ಅಮ್ಮ ಸಿಂಕಿನ ಮುಂದೆ ನಿಂತು ಲೋಟ ತೊಳೆಯುತ್ತಿದ್ದಳು. ಎಡಗೈಯ ಹಿಂಬದಿಯಲ್ಲಿ ಬೆರಳುದ್ದದ ಸುಟ್ಟಗಾಯ. ಬೊಬ್ಬೆ ಒಡೆದು ಕೆಂಪು ಮಾಂಸ ಕಾಣುತ್ತಿತ್ತು. ಅದರ ಮೇಲೆಯೇ ಸೋಪಿನ ನೀರು ಹರಿಯುತ್ತಿತ್ತು, ಅಮ್ಮ ಏನೋ ಗುನುಗುತ್ತಿದ್ದಳು.

"ಅತ್ತೆ! ಇದೇನಿದು ಕೈ?"

ಅಮ್ಮ ಬಗ್ಗಿ ನೋಡಿದಳು. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದಳು. "ಇಸ್ತ್ರಿ ಪೆಟ್ಟಿಗೆ ತಾಗಿರಬೇಕು."

"ಯಾವಾಗ?"

"ಯಾವಾಗಲೋ."

"ಉರೀಲಿಲ್ವಾ? ಸೋಪು ಬಿದ್ದರೂ ಉರೀತಿಲ್ವಾ?"

"ಕಂಡಕ್ಟರ್ ಕೆಲಸ ಬಸ್ಸಲ್ಲಿ ಮಾಡು. ಮನೇಲಿ ಎಲ್ಲರಿಗೂ ಟಿಕೆಟ್ ಕೇಳಬೇಡ."

ಸೊಸೆ ಗಾಯಕ್ಕೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಸುತ್ತುವಾಗ ಬೇಕೆಂದೇ ಬಿಗಿಯಾಗಿ ಒತ್ತಿ ಅತ್ತೆಯ ಮುಖ ನೋಡಿದಳು. ಆ ಮುಖ ಒಂದಿಷ್ಟೂ ಅಲುಗಲಿಲ್ಲ. ಸೊಸೆ ಎದ್ದು, ಇಸ್ತ್ರಿ ಪೆಟ್ಟಿಗೆಯನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಟಿಕೆಟ್ ಚೀಲಕ್ಕೆ ಹಾಕಿಕೊಂಡಳು.

ಅಷ್ಟೇ ಸಾಕಾಯಿತು. ಸಂಜೆ ಮಗ, ಮೊಮ್ಮಗಳು ಬರುವ ಹೊತ್ತಿಗೆ ಮನೆ ರಣರಂಗ.

"ನೋಡೋ ನಿನ್ನ ಹೆಂಡತಿಯನ್ನ! ನನ್ನ ಪೆಟ್ಟಿಗೆಗೆ ಬೀಗ ಹಾಕಿದ್ದಾಳೆ. ನಾಳೆ ನನ್ನ ಬಾಯಿಗೆ ಹಾಕ್ತಾಳೆ!"

"ಅತ್ತೆ, ನಿಮ್ಮ ಕೈಯೇ ನಿಮಗೆ ಗೊತ್ತಾಗ್ತಿಲ್ಲ. ನಾಳೆ ನಾನು ರಜೆ ಹಾಕ್ತೀನಿ, ಆಸ್ಪತ್ರೆಗೆ ಹೋಗೋಣ."

"ಆಸ್ಪತ್ರೆಗೆ ನಾನು ಕಾಲಿಡಲ್ಲ. ಇವನಪ್ಪ ಕೆಮ್ಮು ಅಂತ ನಡ್ಕೊಂಡು ಹೋದರು. ವಾಪಸ್ ಹೊತ್ಕೊಂಡು ಬಂದರು. ಡಾಕ್ಟರ್ ಹತ್ತಿರ ಹೋದರೆ ಏನೋ ಒಂದು ಹುಡುಕದೆ ಬಿಡ್ತಾರಾ? ಆಮೇಲೆ ಒಲೆ ಮುಟ್ಟಬೇಡ, ಪೆಟ್ಟಿಗೆ ಮುಟ್ಟಬೇಡ, ಮೂಲೇಲಿ ಕೂತ್ಕೋ ಅಂತೀರಿ. ನನಗೆ ಬೇಡ."

"ಅಜ್ಜಿ, ಅಮ್ಮ ಹೇಳೋದು ಸರಿ," ಎಂದಳು ಚೂಟಿ. "ನಿನ್ನ ಬಾಯಿ ಒಂದು ಕಡೆ ಇಳಿದಿದೆ. ನಾನು ಮೊನ್ನೆಯಿಂದ ನೋಡ್ತಿದ್ದೀನಿ. ಚಹಾ ಕುಡಿವಾಗ ಆ ಕಡೆಯಿಂದ ಸೋರುತ್ತೆ."

ಅಮ್ಮ ಗೋಡೆ ಹಿಡಿದುಕೊಂಡು ಬೀದಿ ಕೋಣೆಗೆ ಹೋಗಿ, ತಂತಿಯ ಮೇಲಿನ ದೊಡ್ಡ ಅಚ್ಚನ್ನು ಬಲಗೈಯಲ್ಲಿ ಎಳೆದುಕೊಂಡು ಬಂದಳು.

"ನೋಡಿ ಇಲ್ಲಿ, ಇಬ್ಬರೂ ನೋಡಿ. ಇಳಿದಿದೆಯಾ? ಎಲ್ಲಿ ಇಳಿದಿದೆ? ದಿನಾ ಒಂದು ಗಂಟೆ ನನ್ನ ಮುಖ ನೋಡೋನು ಇವನು. ರೋಮ ರೋಮ ಎಣಿಸಿ ಬರೆದಿದ್ದಾನೆ. ಅವನ ಕಣ್ಣಿಗೆ ಕಾಣದ್ದು ನಿಮ್ಮ ಕಣ್ಣಿಗೆ ಕಂಡಿತಾ?"

ಸೊಸೆ ಗಂಡನ ಕಡೆ ತಿರುಗಿದಳು. "ನೀವೇ ಹೇಳಿ. ನಿಮಗೆ ಕಾಣ್ತಿಲ್ವಾ?"

ಮಗ ಚಿತ್ರ ನೋಡಿದ. ಅಮ್ಮನನ್ನು ನೋಡಲಿಲ್ಲ. ಈಗ ಹೌದೆಂದರೆ ನಾಳೆ ಆಸ್ಪತ್ರೆ, ನಾಡಿದ್ದು ಪರೀಕ್ಷೆ, ಪ್ರದರ್ಶನಕ್ಕೆ ಬೇಕಾದ ಹನ್ನೆರಡು ಪ್ರತಿ ತೆಗೆಯುವುದು ಯಾವಾಗ? ಅದೂ ಅಲ್ಲದೆ ಅವನಿಗೆ ಭಯವಾಗಿತ್ತು. ಆ ಭಯಕ್ಕೆ ಕನ್ನಡಿಯ ದೋಷ ಎಂದು ಹೆಸರಿಟ್ಟು ಅವನು ಐದು ವಾರ ನೆಮ್ಮದಿಯಾಗಿದ್ದ.

"ಆ ಕನ್ನಡಿಯಲ್ಲಿ ಎಲ್ಲರೂ ಸೊಟ್ಟಗೇ ಕಾಣ್ತಾರೆ," ಎಂದ.

"ನಾನು ಕನ್ನಡಿಯಲ್ಲಿ ನೋಡಿದ್ದಲ್ಲ ಅಪ್ಪ," ಎಂದಳು ಚೂಟಿ. "ಎದುರಿಗೇ ನೋಡಿದ್ದು."

"ಹತ್ತು ದಿನ. ಹತ್ತೇ ದಿನ ಸುಮ್ಮನಿರಿ. ಪ್ರದರ್ಶನ ಮುಗಿದ ಮಾರನೇ ದಿನ ನಾನೇ ಕರ್ಕೊಂಡು ಹೋಗ್ತೀನಿ."

ಅಮ್ಮ ಗೆದ್ದವಳ ಹಾಗೆ ಚಿತ್ರವನ್ನು ಎದೆಗೆ ಒತ್ತಿಕೊಂಡಳು. ಇನ್ನೂ ಹಸಿಯಾಗಿದ್ದ ಮಸಿ ಅವಳ ರವಿಕೆಗೆ ಅಂಟಿತು. ಸೊಸೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟಳು. ಆ ವಾರವೆಲ್ಲ ಗಂಡನ ಜೊತೆ ಮಾತು ಬಿಟ್ಟಳು, ಊಟಕ್ಕೆ ಬಡಿಸಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು. ಅತ್ತೆಯ ತಟ್ಟೆಯನ್ನು ಮಾತ್ರ ಮರೆಯದೆ ಊಟದ ನಡುವೆ ಒಂದು ಸಲ ತಿರುಗಿಸಿಡುತ್ತಿದ್ದಳು. ಅಮ್ಮ ಅದನ್ನು ಕಂಡೂ ಕಾಣದಂತೆ ಉಣ್ಣುತ್ತಿದ್ದಳು.

ಅದಾಗಿ ಆರನೆಯ ದಿನ ಬೆಳಗ್ಗೆ ಮಗ ಪ್ರತಿಗಳನ್ನು ತೆಗೆಯಲು ಶುರುಮಾಡಿದ. ಸೊಸೆ ಪಾಳಿಗೆ ಹೋಗಿದ್ದಳು, ಚೂಟಿ ಕಾಲೇಜಿಗೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು. ದೊಡ್ಡ ಕಾಗದವನ್ನು ಮಸಿಯ ಹಲಗೆಯ ಮೇಲೆ ಇಳಿಸಲು ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಒಟ್ಟಿಗೆ ಬಿಡಬೇಕು. ಒಂದು ಮೂಲೆ ಮೊದಲೇ ಬಿದ್ದರೆ ಚಿತ್ರ ಎರಡೆರಡಾಗಿ ಕಲಸುತ್ತದೆ.

"ಅಮ್ಮಾ, ಒಂಚೂರು ಬಾ. ಹಾಸುಬಟ್ಟೆ ಮಡಚ್ತಿದ್ವಲ್ಲ, ಹಾಗೇ."

ಹಾಸುಬಟ್ಟೆ ಮಡಚುವುದರಲ್ಲಿ ಅಮ್ಮನದು ಎತ್ತಿದ ಕೈ. ಹುರುಪಿನಿಂದ ಬಂದಳು. ಮೊದಲ ಪ್ರತಿ ಸರಿಯಾಗಿ ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಅಮ್ಮನ ಎಡಗೈಯಿಂದ ಮೂಲೆ ಜಾರಿ, ಕಾಗದ ಹಲಗೆಯ ಮೇಲೆ ಸೊಟ್ಟಗೆ ಬಿದ್ದು ಮಸಿ ಕಲಸಿತು. ಅಮ್ಮ ಮಾತ್ರ ಇನ್ನೂ ಹಿಡಿದೇ ಇದ್ದೇನೆಂಬಂತೆ ಖಾಲಿ ಬೆರಳು ಮಡಚಿಕೊಂಡು ನಿಂತಿದ್ದಳು.

"ಹಿಡ್ಕೋ ಅಂದ್ನಲ್ಲ! ಒಂದು ಮೂಲೆ ಹಿಡಿಯೋಕೂ ಆಗಲ್ವಾ ನಿನಗೆ?" ಎಂದು ಮಗ ಕಿರುಚಿದ.

"ಹಿ..." ಎಂದಳು ಅಮ್ಮ. "ಹಿ... ಹಿಳ..."

ಬಾಯಿಂದ ಮಾತು ಬರಲಿಲ್ಲ, ಎಂಜಲು ಬಂತು. ಮುಖದ ಎಡಭಾಗವೆಲ್ಲ ಒಮ್ಮೆಲೇ ಸಡಿಲಾಗಿ ಕೆಳಗಿಳಿಯಿತು. ಮೇಜಿನಂಚು ಹಿಡಿಯಲು ಹೋಗಿ, ಮಸಿಯ ಡಬ್ಬಿಯನ್ನೂ ಎಳೆದುಕೊಂಡು, ಅಮ್ಮ ನೆಲಕ್ಕೆ ಕುಸಿದಳು.

"ಅಪ್ಪಾ!" ಎಂದು ಚೂಟಿ ಒಂದೇ ಚಪ್ಪಲಿಯಲ್ಲಿ ಓಡಿ ಬಂದಳು. ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಗಾಡಿ ಕರಿ ಅಪ್ಪಾ, ನಿಂತು ನೋಡಬೇಡ!" ಎಂದು ಕೂಗಿದಳು. ಅವನು ಮಸಿ ಮೆತ್ತಿದ ಕೈಯಲ್ಲೇ ಬೀದಿಗೆ ಓಡಿದ.

ಆಸ್ಪತ್ರೆಯ ಡಾಕ್ಟರ್ ವಯಸ್ಸಿನಲ್ಲಿ ಸೊಸೆಯಷ್ಟೇ ಇದ್ದ ಹೆಂಗಸು, ಗದರಿ ಮಾತಾಡುವ ಅಭ್ಯಾಸದವಳಲ್ಲ. ಸಂಜೆ ಮೂವರನ್ನೂ ಕರೆದು ಕೂರಿಸಿದಳು.

"ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗೋದು ನಿಂತಿದೆ. ಜೀವಕ್ಕೆ ಸದ್ಯಕ್ಕೆ ಭಯ ಇಲ್ಲ. ಎಡಭಾಗ ವಾಪಸ್ ಬರೋದು ಕಷ್ಟ. ಮಾತು ಒಂದಿಷ್ಟು ಬರಬಹುದು. ಇದು ಮೊದಲನೇ ಪೆಟ್ಟಲ್ಲ, ಚಿಕ್ಕ ಚಿಕ್ಕವು ಮುಂಚೆಯೇ ಬಿದ್ದಿವೆ. ಯಾವಾಗಿಂದ ಹೀಗಿದ್ದರು?"

"ನಿನ್ನೆವರೆಗೂ ಚೆನ್ನಾಗೇ ಇದ್ದರು," ಎಂದ ಮಗ.

ಸೊಸೆ ಅವನ ಕಡೆ ನೋಡಿದಳು. ಚೂಟಿ ಎದ್ದು ಹೊರಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಉಬ್ಬಸಪಡುತ್ತ ವಾಪಸ್ ಬಂದಾಗ ಅವಳ ಕೈಯಲ್ಲಿ ತಂತಿಯ ಮೇಲಿದ್ದ ಅಚ್ಚುಗಳ ಸುರುಳಿ ಇತ್ತು. ಅವನ್ನು ಡಾಕ್ಟರ ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಹರವಿದಳು.

ಡಾಕ್ಟರ್ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಮೊದಲನೆಯದನ್ನು ನೋಡಿದಳು, ಎರಡನೆಯದನ್ನು ನೋಡಿದಳು. ಮೂರನೆಯದರ ತುಟಿಯಂಚಿನ ಮೇಲೆ ಬೆರಳಿಟ್ಟಳು.

"ಈ ತಾರೀಖು ಬರೆದವರು ಯಾರು?"

"ನಾನೇ."

"ಆರು ವಾರದ ಹಿಂದೆ. ಇಲ್ಲಿ ಶುರುವಾಗಿದೆ ನೋಡಿ. ಇಲ್ಲಿ ಇನ್ನೂ ಜಾಸ್ತಿ. ಇಲ್ಲಿ ಸ್ಪಷ್ಟವಾಗಿದೆ. ಆಗಲೇ ಬಂದಿದ್ದರೆ ಮಾತ್ರೆಯಲ್ಲೇ ತಡೀಬಹುದಿತ್ತೇನೋ." ಅವಳು ಕೊನೆಯ ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದಳು. "ಆದರೆ ಇದರಲ್ಲಿ ಪೂರ್ತಿ ಸರಿಹೋಗಿದೆಯಲ್ಲ? ನಡುವೆ ಯಾರಿಗಾದರೂ ತೋರಿಸಿದ್ರಾ? ಏನು ಔಷಧಿ ಕೊಟ್ಟರು?"

"ಔಷಧಿ ಅಲ್ಲ," ಎಂದ ಮಗ. "ಮರಕ್ಕೆ ತೇಪೆ ಹಾಕಿದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಸೊಸೆಗೆ ಅರ್ಥವಾಯಿತು. ಆರು ದಿನದಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಅವಳು ಆಸ್ಪತ್ರೆಯ ಓಣಿಯಲ್ಲಿ ಗಂಡನ ಮುಖಕ್ಕೆ ಹೇಳಿದಳು. ಹೇಳಿ ಮುಗಿಸಿ, ಗೋಡೆಗೆ ಒರಗಿ, ಯೂನಿಫಾರಂ ತೋಳಿನಲ್ಲಿ ಕಣ್ಣೊರಸಿಕೊಂಡಳು.

ಪ್ರದರ್ಶನ ನಡೆಯಿತು. ಅವನಿಗಿಟ್ಟಿದ್ದ ಗೋಡೆಯನ್ನು ಬೇರೆಯವರಿಗೆ ಕೊಟ್ಟರಂತೆ, ಅವನು ವಿಚಾರಿಸಲೂ ಹೋಗಲಿಲ್ಲ. ಸೊಸೆ ಪಾಳಿ ಬದಲಾಯಿಸಿಕೊಂಡಳು. ಚೂಟಿ ಅಜ್ಜಿಗೆ ಚಮಚದಲ್ಲಿ ಗಂಜಿ ಕುಡಿಸಲು ಕಲಿತಳು. ಹನ್ನೊಂದನೆಯ ದಿನ ಅಮ್ಮನಿಗೆ ಮಾತು ತೊದಲುತ್ತ ತೊದಲುತ್ತ ಬಂತು. ಮೊದಲು ಕೇಳಿದ್ದು, ಸೊಸೆಯ ಅಂಗಿ ಉಜ್ಜುವವರು ಯಾರು ಎಂದು.

ಅವತ್ತು ಮಧ್ಯಾಹ್ನ ಮಗ ಒಬ್ಬನೇ ಹಾಸಿಗೆಯ ಪಕ್ಕ ಕೂತಿದ್ದ. ಕಿಟಕಿಯ ಬೆಳಕು ಅಮ್ಮನ ಮುಖದ ಮೇಲೆ ಬಿದ್ದಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಅವನು ನಡುವೆ ಕನ್ನಡಿಯಿಲ್ಲದೆ ಅಮ್ಮನನ್ನು ನೋಡಿದ. ನೋಡಲು ಕಷ್ಟವಾಯಿತು, ಆದರೂ ಕಣ್ಣು ತೆಗೆಯಲಿಲ್ಲ.

"ಅವಳಿಗೆ... ಹೇಳಿದೀನಿ," ಎಂದಳು ಅಮ್ಮ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಂಡಳು. "ನಿನ್ನ... ಬೈಬೇಡ ಅಂತ."

"ಬೈಲಿ ಬಿಡಮ್ಮ."

"ನಂಗೆ... ಗೊತ್ತಾಗಿತ್ತು ಕಣೋ. ಬಾಯಿ... ಒಂದು ಕಡೆ ಭಾರ. ಕೈ ಜೋಮು. ಭಯ ಆಗಿತ್ತು. ಹೇಳ್ಬೇಕು ಅಂತಿದ್ದೆ." ಅವಳು ಎಂಜಲು ನುಂಗಿದಳು. "ಆಮೇಲೆ... ನಿನ್ನ ಚಿತ್ರ ನೋಡ್ದೆ. ನೆಟ್ಟಗಿತ್ತು. ದಿನಾ ನೋಡೋನು... ನೀನು. ಏನಾದ್ರೂ ಇದ್ದಿದ್ರೆ... ನೀನು ಬರೀತಿದ್ದೆ. ನಂಗೆ ಏನೂ ಆಗಿಲ್ಲ ಅಂತ... ಸುಮ್ನಾದೆ."

ಮಗನ ಕಣ್ಣಿಂದ ನೀರು ದಳದಳ ಇಳಿಯಿತು. ಅವನು ಮುಂದಕ್ಕೆ ಬಾಗಿ, ಹಾಸಿಗೆಯ ಮೇಲಿದ್ದ ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಆ ಕೈಯ ಹಿಂಬದಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಬಹಳ ಹೊತ್ತು ಅವನು ಹಾಗೇ ಹಿಡಿದುಕೊಂಡಿದ್ದ.

ಅಮ್ಮ ಸೂರು ನೋಡುತ್ತ ಕಾದಳು. ಆಮೇಲೆ ಬಲಗೈಯನ್ನು ಮೆಲ್ಲಗೆ ಎತ್ತಿ ಖಾಲಿ ಗಾಳಿಯಲ್ಲಿ ತಡಕಾಡಿದಳು.

"ಎಲ್ಲಿದ್ದೀಯೋ?" ಎಂದಳು. "ಸ್ವಲ್ಪ... ಕೈ ಹಿಡ್ಕೋ ಬಾರೋ."

ಅವನು ಹಿಡಿದಿದ್ದ ಕೈಯನ್ನು ಹೊದಿಕೆಯ ಮೇಲಿಟ್ಟ. ಎದ್ದು, ಮಂಚವನ್ನು ಸುತ್ತಿಕೊಂಡು, ಆ ಕಡೆಗೆ 
ಹೋದ.